ಗೆರೆ ಎಳೆದ ವೃತ್ತ

ವಕೀಲೆ ಕಳಿಸಿದ ಜೆರಾಕ್ಸ್ ಪ್ರತಿಯಲ್ಲಿದ್ದದ್ದು ನನ್ನದೇ ಕೈಬರಹ. ಏಳರ ಅಂಕಿಯ ನಡುವಿಗೆ ಅಡ್ಡಗೆರೆ ಹಾಕುವ ನನ್ನ ಚಟವೂ ಅಲ್ಲಿತ್ತು. ಹಾಳೆಯ ಕೆಳಭಾಗದಲ್ಲಿ ಒಂದು ವಂಶವೃಕ್ಷ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ಸತ್ತವರ ಮೇಲೆ ಓರೆ ಗೆರೆ. ತಂದೆಯ ಚೌಕಕ್ಕೆ ಗೆರೆ ಬಿದ್ದಿತ್ತು, ಪಕ್ಕದಲ್ಲಿ ‘67, ಹೃದಯಾಘಾತ’ ಎಂದಿತ್ತು. ತಾಯಿಯದು ಖಾಲಿ ವೃತ್ತ. ಅವರ ಕೆಳಗೆ ಐದು ಮಕ್ಕಳು, ಮೂರು ಚೌಕ, ಎರಡು ವೃತ್ತ. ಕೊನೆಯ ವೃತ್ತದ ಮೇಲೂ ಒಂದು ಗೆರೆ.

ಆ ಕೊನೆಯ ಗೆರೆಯ ಕಾರಣದಿಂದ ಒಬ್ಬ ಮನುಷ್ಯನಿಗೆ ಐರ್ಲೆಂಡಿನಲ್ಲಿ ಆಶ್ರಯ ಸಿಗದೆ ಹೋಗುವ ಹಾಗಿತ್ತು.

ಆತ ಇರಾಕಿನ ಉತ್ತರದ ತಲ್ ಅಫರ್ ಊರಿನ ತುರ್ಕಮೆನ್. ಅರಬರೂ ಅಲ್ಲ, ಕುರ್ದರೂ ಅಲ್ಲ; ಮನೆಯಲ್ಲಿ ಆಡುವುದು ತುರ್ಕಿಗೆ ಹತ್ತಿರದ ಮಾತು. ಅವನ ತಂದೆ ಶಿಯಾ, ತಾಯಿ ಸುನ್ನಿ. ಅವರ ಊರಲ್ಲಿ ಅದು ವಿಶೇಷವೇನಲ್ಲವಂತೆ, ಕಪ್ಪು ಬಾವುಟದ ಉಗ್ರರು ಬರುವ ತನಕ. ಅವರು ಬಂದ ದಿನ ಇಡೀ ಮನೆ ಒಂದೇ ಪಿಕಪ್‌ನಲ್ಲಿ ಬೆಟ್ಟದ ಕಡೆ ಹೊರಟಿತ್ತು. ದಾರಿಯಲ್ಲಿ ಗಾಡಿ ನಿಲ್ಲಿಸಿ, ಹತ್ತೊಂಬತ್ತರ ಕಿರಿಯ ತಂಗಿಯನ್ನು ಇಳಿಸಿಕೊಂಡು, ಉಳಿದವರನ್ನು ಮುಂದೆ ಬಿಟ್ಟರು. ಆಮೇಲೆ ಊರು ಮತ್ತೆ ಸರ್ಕಾರದ ಕೈಗೆ ಬಂತು. ಆಗ ಊರು ಬಿಟ್ಟು ಹೋಗಿದ್ದವರು ಉಳಿದವರನ್ನು ಸಂಶಯದಿಂದ ನೋಡಿದರು, ಉಳಿದವರು ಹೋದವರನ್ನು. ತಾಯಿಯ ಕಡೆಯವರು ಅಲ್ಲೇ ಉಳಿದಿದ್ದರೆಂದು ಬಂದೂಕು ಹಿಡಿದ ಹೊಸಬರು ಇವನನ್ನು ಹುಡುಕಿಕೊಂಡು ಬಂದರು. ಇವನು ಓಡಿದ. ಎರಡು ವರ್ಷ ಅಲೆದು ಡಬ್ಲಿನ್ ಮುಟ್ಟಿದ.

ಇದೆಲ್ಲ ನನಗೆ ಯಾವಾಗ ಗೊತ್ತಾಯಿತು? ಅವನು ಹೇಳಿದ್ದೋ, ವಕೀಲೆಯ ಪತ್ರದಲ್ಲಿ ಓದಿದ್ದೋ, ಈಗ ಬಿಡಿಸಿ ಹೇಳಲಾರೆ.

ಮೊದಲ ಭೇಟಿ ಏಳು ವರ್ಷದ ಹಿಂದೆ, ನಾನು ತುರ್ತು ಚಿಕಿತ್ಸಾ ವಿಭಾಗದಲ್ಲಿ ಕಿರಿಯ ವೈದ್ಯನಾಗಿದ್ದಾಗ, ಒಂದು ಮಧ್ಯಾಹ್ನ. ಡಬ್ಲಿನ್ ಅಂಚಿನ ಕ್ಲಾಂಡಾಲ್ಕಿನ್‌ನ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವಾಗ ಎದೆ ಹಿಡಿದುಕೊಂಡಿತು ಎಂದು ಬಂದಿದ್ದ. ಇಸಿಜಿ ಸರಿಯಿತ್ತು, ರಕ್ತ ಪರೀಕ್ಷೆಯೂ ಸರಿಯಿತ್ತು. ಇಲ್ಲಿನ ವೈದ್ಯರಾಗಿದ್ದರೆ ‘ಮನೆಯಲ್ಲಿ ಯಾರಿಗಾದರೂ ಹೃದಯದ ತೊಂದರೆ?’ ಎಂದು ಒಂದೇ ಪ್ರಶ್ನೆ ಕೇಳಿ ಮುಗಿಸುತ್ತಿದ್ದರು. ನಾನು ಕಲಿತ ಕಾಲೇಜಿನಲ್ಲಿ ವಂಶವೃಕ್ಷವಿಲ್ಲದ ಕೇಸ್ ಶೀಟ್ ಕೇಸ್ ಶೀಟೇ ಅಲ್ಲ. ಕಾಲುಬೆರಳಿನ ಹುಣ್ಣಿಗೂ ನಮ್ಮ ಸರ್ ಮೂರು ತಲೆಮಾರು ಬರೆಸುತ್ತಿದ್ದರು. ಆ ರೂಢಿ ಬಿಡದೆ ನಾನು ಇಲ್ಲಿಯೂ ಚೌಕ, ವೃತ್ತ ಬರೆಯುತ್ತಿದ್ದೆ. ಹಿರಿಯ ನರ್ಸ್ ಒಬ್ಬಳು, “ನೀನಿದ್ದರೆ ನಮ್ಮ ಚರ್ಚಿನ ಹುಟ್ಟು-ಸಾವಿನ ದಾಖಲೆ ಪುಸ್ತಕಕ್ಕೆ ಕೆಲಸವೇ ಇರಲ್ಲ ಬಿಡು” ಎಂದು ನಗುತ್ತಿದ್ದಳು.

ಆ ಹಾಳೆ ಕಡತದಲ್ಲಿ ಸುಮ್ಮನೆ ಮಲಗಿತ್ತು. ಆಶ್ರಯದ ಅರ್ಜಿಗೆ ಎದೆನೋವಿನ ದಾಖಲೆ ಸಹಾಯವಾದೀತೆಂದು ಮೊದಲಿದ್ದ ವಕೀಲರು ಅದನ್ನು ತರಿಸಿ ಲಗತ್ತಿಸಿದರು. ಅರ್ಜಿ ನೋಡಿದ ಅಧಿಕಾರಿ ಎದೆನೋವನ್ನು ಬಿಟ್ಟು ವಂಶವೃಕ್ಷವನ್ನು ನೋಡಿದ. ಸಂದರ್ಶನದಲ್ಲಿ ಇವನು, ತಂಗಿಯನ್ನು ಹೊತ್ತುಕೊಂಡು ಹೋದರು, ಎಲ್ಲೋ ಬದುಕಿದ್ದಾಳೆ ಎಂದಿದ್ದ. ಆಸ್ಪತ್ರೆಯ ಹಾಳೆಯಲ್ಲಿ ತಂಗಿ ಸತ್ತಿದ್ದಳು. ಇಷ್ಟು ದೊಡ್ಡ ವಿಷಯದಲ್ಲೇ ಎರಡು ಮಾತಾಡುವವನನ್ನು ಉಳಿದುದರಲ್ಲಿ ಹೇಗೆ ನಂಬುವುದು? ಅರ್ಜಿ ತಿರಸ್ಕಾರವಾಯಿತು. ಮೇಲ್ಮನವಿಗೆ ಹೊಸ ವಕೀಲೆ ಬಂದಳು. ವಿಚಾರಣೆಗೆ ಹತ್ತು ದಿನ ಉಳಿದಿದ್ದಾಗ ನನಗೆ ಫೋನ್ ಮಾಡಿದಳು.

“ಡಾಕ್ಟರ್, ಅವತ್ತು ತುಂಬ ರಶ್ ಇತ್ತಾ? ಗೆರೆ ಕೈತಪ್ಪಿ ಬಿದ್ದಿರೋ ಸಾಧ್ಯತೆ ಇದೆಯಾ? ಇದ್ದರೆ ಮಾತ್ರ ಹೇಳಿ.”

ಸಾಧ್ಯತೆ! ಅದರಷ್ಟು ಸುಲಭವಾಗಿ ನಾನು ಒಪ್ಪಿಕೊಳ್ಳುವ ವಸ್ತು ಇನ್ನೊಂದಿಲ್ಲ. ನನ್ನ ಮದುವೆಯ ದಿನ ಮಳೆ ಬಂದಿತ್ತೇ ಎಂಬುದರಲ್ಲೂ ನನಗೆ ಸಂಶಯವಿದೆ. ಶುಕ್ರವಾರದೊಳಗೆ ಬರೆದು ಕಳಿಸುತ್ತೇನೆ ಎಂದೆ.

ಆದರೆ ಬರೆಯಲು ಕೂತರೆ ಒಂದಲ್ಲ, ಮೂರು ನೆನಪುಗಳು ಬಂದವು. ಒಂದರಲ್ಲಿ ಅವನು ನೇರವಾಗಿ, “ಡೆಡ್” ಎನ್ನುತ್ತಾನೆ. ಇನ್ನೊಂದರಲ್ಲಿ ಗೋಡೆಯ ಕಡೆ ತಿರುಗಿ ಏನೂ ಹೇಳುವುದಿಲ್ಲ. ನಾನೇ ಊಹಿಸಿ ಗೆರೆ ಎಳೆಯುತ್ತೇನೆ. ಮೂರನೆಯದರಲ್ಲಿ ಅವನ ಜೊತೆ ಬಂದಿದ್ದ ಸಹೋದ್ಯೋಗಿ ಮಧ್ಯೆ ಬಾಯಿ ಹಾಕುತ್ತಾನೆ. ಮೂರರಲ್ಲೂ ಅವನು ಹಸಿರು ಸ್ವೆಟರ್ ಹಾಕಿದ್ದ. ಜೆರಾಕ್ಸ್ ಜೊತೆಗಿದ್ದ ನರ್ಸಿನ ಟಿಪ್ಪಣಿ ನೋಡಿದೆ: ‘ಒಬ್ಬನೇ ಬಂದಿದ್ದಾನೆ, ಕೆಲಸದ ಹಳದಿ ಜಾಕೆಟ್.’ ಸಹೋದ್ಯೋಗಿಯನ್ನೂ ಸ್ವೆಟರನ್ನೂ ನಾನು ಎಲ್ಲಿಂದ ತಂದೆ?

ಡಬ್ಲಿನ್ ಹೊರಗಿನ ನೇಸ್ ಊರಿನ ನಮ್ಮ ಅಡುಗೆಮನೆಯಲ್ಲಿ ಹೆಂಡತಿಗೆ ಹೇಳಿದೆ. ಅವಳೂ ವೈದ್ಯೆ, ನನ್ನದೇ ಬ್ಯಾಚು.

“ನಿನ್ನೆ ಹಾಲು ತಾ ಅಂದಿದ್ದು ನೆನಪಿಲ್ಲ ನಿಂಗೆ. ಏಳು ವರ್ಷದ ಹಿಂದಿಂದಕ್ಕೆ ಸಾಕ್ಷಿ ಹೇಳ್ತೀಯಾ?”

“ಅದಕ್ಕೇ ಕಣೇ, ತಪ್ಪಾಗಿರಬಹುದು ಅಂತ ಬರೀತೀನಿ. ಸುಳ್ಳಲ್ಲ ಅದು. ಆಗಿರಬಹುದು ತಾನೆ?”

“ಆಗಿರಬಹುದು, ಆಗದೇನೂ ಇರಬಹುದು. ನಿನ್ನ ಡೌಟು ನಿಂಗೆ ಯಾವಾಗ ಬೇಕೋ ಆವಾಗ ಕರೆಕ್ಟಾಗಿ ಬರುತ್ತೆ, ಮಾರಾಯ.”

ಆ ಮಾತು ಚುಚ್ಚಿತು. ಆದರೂ ಪತ್ರ ಬರೆದೆ. ಸಹಿ ಮಾಡುವ ಮೊದಲು ಅವನನ್ನು ಒಮ್ಮೆ ಕಾಣಬೇಕೆನಿಸಿ, ವಕೀಲೆಯ ಒಪ್ಪಿಗೆ ಪಡೆದೆ. ಗುರುವಾರ ಅವನು ಕೆಲಸ ಮುಗಿಸಿ ಬಸ್ಸು ಹಿಡಿದು ನೇಸ್‌ಗೆ ಬಂದ. ಮುಖ್ಯರಸ್ತೆಯ ಕಾಫಿ ಅಂಗಡಿಯಲ್ಲಿ ಕೂತೆವು. ನನಗೆ ಅವನ ಮುಖದ ಗುರುತು ಸಿಗಲಿಲ್ಲ. ಅವನಿಗೆ ನನ್ನದು ಸಿಕ್ಕಿತು.

“ಡಾಕ್ಟರ್, ನಿಮ್ಮ ತಲೆಯಲ್ಲಿ ಆವಾಗ ಕೂದಲು ಜಾಸ್ತಿ ಇತ್ತು,” ಎಂದ. ಗೋದಾಮಿನಲ್ಲಿ ಕಲಿತ ಇಂಗ್ಲಿಷು, ಡಬ್ಲಿನ್‌ನ ಎಳೆತವೂ ಇತ್ತು.

ಪತ್ರ ಮುಂದಿಟ್ಟೆ. ಬೆರಳು ಇಟ್ಟುಕೊಂಡು ಓದಿದ. ‘ಗೆರೆ ನನ್ನ ತಪ್ಪಿನಿಂದ ಬಿದ್ದಿರಬಹುದು’ ಎಂಬ ಸಾಲಿನ ಹತ್ತಿರ ಬೆರಳು ನಿಂತಿತು.

“ಇದು ಬೇಡ.”

“ಯಾಕೆ? ಇದರಿಂದ ನಿನಗೆ ಸಹಾಯ ಆಗುತ್ತೆ.”

“ತಪ್ಪು ನಿಮ್ಮದಲ್ಲ. ನಾನೇ ಹೇಳಿದೆ. ಸತ್ತಳು ಅಂತ ಹೇಳಿದೆ.”

ಪಕ್ಕದ ಮೇಜಿನವರು ತಿರುಗಿ ನೋಡಿದರು. ಅವನು ದನಿ ತಗ್ಗಿಸಿದ.

“ನಮ್ಮಲ್ಲಿ ಎಲ್ಲರೂ ಹಾಗೇ ಹೇಳ್ತಾರೆ, ಡಾಕ್ಟರ್. ಅವರು ಎತ್ತಿಕೊಂಡು ಹೋದ ಹುಡುಗಿ ಅಂದ್ರೆ ಸತ್ತ ಹುಡುಗಿ. ನಮ್ಮ ಪಕ್ಕದ ಬೆಟ್ಟದ ಯಜೀದಿ ಜನ ತಮ್ಮ ಹುಡುಗಿಯರನ್ನ ಹೆಸರು ಹಿಡಿದು ಕೂಗಿ ಹುಡುಕಿದ್ರು. ನಾವು ಬಾಯಿ ಮುಚ್ಚಿಕೊಂಡ್ವಿ. ಅವರ ಹತ್ತಿರ ಇದ್ದು ಬಂದಳು ಅಂದ್ರೆ ಜನ ಏನಂತಾರೆ, ಅಕ್ಕನ ಗಂಡ ಏನಂತಾನೆ? ನಮ್ಮಮ್ಮ ಹಿಟ್ಟು ಹುರಿದು ಹಲ್ವಾ ಮಾಡಿ ನಮ್ಮ ಜೊತೆ ಓಡಿ ಬಂದ ಊರವರಿಗೆಲ್ಲ ಹಂಚಿದ್ಲು, ಸತ್ತವರಿಗೆ ಮಾಡೋ ಹಾಗೆ. ನಾನೇ ಮನೆಮನೆಗೆ ತಟ್ಟೆ ತಗೊಂಡು ಹೋದೆ. ಇವತ್ತೂ ನಮ್ಮಣ್ಣನ್ನ ಕೇಳಿ, ಸತ್ತಳು ಅಂತಾನೆ.”

“ಅವಳು ಬದುಕಿದ್ದಾಳೆ ಅಂತ ನಿನಗೆ ಹೇಗೆ ಗೊತ್ತು?”

“ಎರಡು ವರ್ಷದ ಹಿಂದೆ ಒಬ್ಬಳು ವಾಪಸ್ ಬಂದ್ಲು. ಸಿರಿಯಾದ ಒಂದು ಕ್ಯಾಂಪಲ್ಲಿ ನೋಡಿದೆ ಅಂದ್ಲು. ನನ್ನ ತಂಗಿಗೆ ಹುಬ್ಬಿನ ಹತ್ತಿರ ಸುಟ್ಟ ಕಲೆ ಇದೆ, ಅದನ್ನ ಸರಿಯಾಗಿ ಹೇಳಿದ್ಲು.”

“ವಿಚಾರಣೆಯಲ್ಲಿ ಹೀಗೇ ಹೇಳ್ತೀಯಾ? ಮೊದಲು ಸುಳ್ಳು ಹೇಳಿದ್ದೆ ಅಂತ?”

“ಹೇಳ್ತೀನಿ.”

“ವಕೀಲೆ ಏನಂತಾರೆ?”

“ಹೆದರಿಕೆ ಅವರಿಗೆ,” ಎಂದು ನಕ್ಕ. “ನಂಗೂ ಇದೆ. ಆದ್ರೆ ನೀವು ತಪ್ಪು ಅಂದ್ರೆ, ನಾನೂ ಹೂಂ ಅನ್ನಬೇಕು. ಒಂದು ಸಲ ಅವಳನ್ನ ಸಾಯಿಸಿದ್ದೀನಿ. ಆ ಮಾತನ್ನೂ ಆಡೇ ಇಲ್ಲ ಅಂತ ಹೆಂಗೆ ಹೇಳಲಿ?”

ಅವನು ಎದ್ದು ಹೋದ ಮೇಲೆ ನನಗೆ ಬಂದದ್ದು ಸಿಟ್ಟು. ಸುಲಭದ ದಾರಿ ಮುಚ್ಚಿದ್ದಕ್ಕೆ ಸಿಟ್ಟು. ಜೊತೆಗೆ, ಒಪ್ಪಿಕೊಳ್ಳಬೇಕು, ಒಂದು ಹಾಳು ಸಂಶಯ: ಅವನು ಹೇಳಿದ್ದೆಲ್ಲ ನಿಜವೇ? ಕಲೆಯ ಕತೆ ಬೇರೆ ಯಾರದ್ದೋ ಇರಬಹುದಲ್ಲ? ವಿಶ್ವವಿದ್ಯಾಲಯ ನನಗೆ ಕಲಿಸಿದ್ದು ಇದೇ, ಯಾವುದನ್ನೂ ಮೊದಲ ಸಲಕ್ಕೆ ನಂಬಬಾರದು. ಎರಡನೆಯ ಸಲಕ್ಕೆ ನಂಬಬಹುದೇ ಎಂದು ಯಾರೂ ಕಲಿಸಲಿಲ್ಲ.

ಅಂದು ಸಂಜೆ ಪತ್ರ ಹರಿದು, ಜೆರಾಕ್ಸ್ ಹಾಳೆಯನ್ನು ಮತ್ತೆ ಮೇಜಿನ ಮೇಲೆ ಹರಡಿದೆ. ಮಗಳು ಹೋಮ್‌ವರ್ಕ್ ಮುಗಿಸಿ ಎದ್ದು ಹೋಗುತ್ತಾ, “ಆರ್ ಯು ಗ್ರ್ಯಾಂಡ್, ಅಪ್ಪಾ?” ಎಂದಳು. ಗ್ರ್ಯಾಂಡ್ ಎಂದೆ; ಇಲ್ಲಿ ಅದು ‘ಆರಾಮ’ ಎಂದಂತೆ. ಹೆಂಡತಿ ಹಿಂದಿನಿಂದ ಬಗ್ಗಿ ನೋಡಿದಳು. ಒಂದು ನಿಮಿಷ ನೋಡಿ, ಬೆರಳು ತೋರಿಸಿದಳು.

“ಇಲ್ಲಿ ಕಾರಣ ಎಲ್ಲಿ?”

“ಯಾವ ಕಾರಣ?”

“ಅಪ್ಪನ ಪಕ್ಕ ಅರವತ್ತೇಳು, ಹಾರ್ಟ್ ಅಟ್ಯಾಕ್ ಅಂತ ಬರ್ದಿದ್ದೀಯ. ತಂಗಿ ಪಕ್ಕ ಏನೂ ಇಲ್ಲ. ವಯಸ್ಸಿಲ್ಲ, ಕಾರಣ ಇಲ್ಲ. ಹಿಂಗೆ ಬಿಟ್ಟಿದ್ರೆ ಸರ್ ಏನು ಮಾಡ್ತಿದ್ರು, ಹೇಳು?”

ಹಾಳೆ ಹರಿದು ಕೈಗೆ ಕೊಡುತ್ತಿದ್ದರು. ವಾರ್ಡಿನ ಎಲ್ಲ ರೋಗಿಗಳೆದುರು. ಗೆರೆ ಎಳೆದ ಮೇಲೆ ವಯಸ್ಸು ಮತ್ತು ಕಾರಣ ಕೇಳಿ ಬರೆಯಲೇಬೇಕು. ರೋಗಿಗೆ ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ’ ಎಂದಾದರೂ ಬರೆಯಬೇಕು. ಎರಡನೇ ವರ್ಷದಲ್ಲಿ ನನ್ನದೇ ಎರಡು ಹಾಳೆ ಹರಿದಿದ್ದವು. ಅಂದಿನಿಂದ ಆ ಜಾಗ ಖಾಲಿ ಬಿಟ್ಟದ್ದಿಲ್ಲ.

ಇಲ್ಲಿ ಖಾಲಿಯಿತ್ತು. ಆದರೆ ಪೂರ್ತಿ ಖಾಲಿಯಲ್ಲ. ಬೆಳಕಿಗೆ ಹಿಡಿದಾಗ ವೃತ್ತದ ಪಕ್ಕದಲ್ಲಿ ಪೆನ್ನಿನ ಒಂದು ಚುಕ್ಕೆ ಕಂಡಿತು, ಬರೆಯಲು ತುದಿ ಊರಿ ಎತ್ತಿದ ಹಾಗೆ.

“ಕೇಳಿದ್ದೀಯ ನೀನು,” ಎಂದಳು ಹೆಂಡತಿ ಮೆಲ್ಲಗೆ. “ಕೇಳಿದ್ದೀಯ. ಅವನು ಉತ್ತರ ಕೊಟ್ಟಿಲ್ಲ. ಸತ್ತಿದ್ದು ನಿಜ ಆಗಿದ್ರೆ ಅಪ್ಪಂದು ಹೇಳಿದ ಹಾಗೆ ಇದನ್ನೂ ಹೇಳ್ತಿದ್ದ.”

ಹಾಗೆಂದು ನನಗೆ ನೆನಪಾಗಲಿಲ್ಲ. ನೆನಪಾಯಿತು ಎಂದು ಬರೆದರೆ ಓದುವವರಿಗೆ ಹಿತವಾದೀತು. ಆಗಲಿಲ್ಲ.

ಹೊಸ ಪತ್ರದಲ್ಲಿ ನನ್ನ ರೂಢಿಯನ್ನಷ್ಟೇ ಬರೆದೆ, ಖಾಲಿ ಜಾಗವನ್ನು ತೋರಿಸಿದೆ. ವಿಚಾರಣೆಗೂ ಹೋದೆ. ಸಣ್ಣ ಕೋಣೆ, ನೀರಿನ ಜಗ್ಗು, ಕನ್ನಡಕ ಹಾಕಿದ ನಿರ್ಣಾಯಕಿ. ಈ ಸಲ ಅವನ ಮಾತು ಬಲ್ಲ ದುಭಾಷಿಯನ್ನು ಕರೆಸಿದ್ದರು.

“ಅರ್ಜಿದಾರರು ಆ ದಿನ ಏನು ಹೇಳಿದರು, ನಿಮಗೆ ನೆನಪಿದೆಯೇ ಡಾಕ್ಟರ್?”

“ಇಲ್ಲ.”

ವಕೀಲೆಯ ಪೆನ್ನು ನಿಂತಿತು.

“ಆದರೆ ಗೆರೆ ಎಳೆದಿದ್ದೀರಿ.”

“ಎಳೆದಿದ್ದೇನೆ. ಸತ್ತಳೆಂದು ಹೇಳಿರಬೇಕು, ಇಲ್ಲದೆ ಎಳೆಯುವುದಿಲ್ಲ. ಎಳೆದ ಮೇಲೆ ಹೇಗೆ ಎಂದು ಕೇಳುತ್ತೇನೆ. ತಂದೆಯದಕ್ಕೆ ಉತ್ತರ ಸಿಕ್ಕಿದೆ. ಇದಕ್ಕೆ ಸಿಕ್ಕಿಲ್ಲ.”

“ರೂಢಿ ಒಮ್ಮೆ ತಪ್ಪಬಹುದಲ್ಲ?”

ಎದುರು ಕೂತಿದ್ದ ಅವನು ನನ್ನನ್ನೇ ನೋಡುತ್ತಿದ್ದ. ಇಲ್ಲ ಎಂದುಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು.

“ತಪ್ಪಬಹುದು,” ಎಂದೆ.

ಆಮೇಲೆ ಅವನು ಮಾತಾಡಿದ. ಹಲ್ವಾದ ತಟ್ಟೆಗಳ ವಿಷಯ ಹೇಳುವಾಗ ದುಭಾಷಿ ಹೆಂಗಸು ಒಮ್ಮೆ ನಿಲ್ಲಿಸಿ ನೀರು ಕುಡಿದಳು. ಅವಳೂ ಆ ಕಡೆಯವಳೇ ಇರಬಹುದು, ಅಥವಾ ಗಂಟಲು ಒಣಗಿರಬಹುದು.

ಏಳು ವಾರ ಏನೂ ಸುದ್ದಿಯಿಲ್ಲ. ‘ತಪ್ಪಬಹುದು’ ಎಂದದ್ದು ಪ್ರಾಮಾಣಿಕತೆಯೋ, ಪ್ರಾಮಾಣಿಕನೆನಿಸಿಕೊಳ್ಳುವ ಆಸೆಯೋ ಎಂದು ದಿನವೂ ಯೋಚಿಸಿದೆ. ಆ ಆಸೆಗೆ ಅವನು ಬೆಲೆ ತೆರಬೇಕಾಗಿ ಬಂದರೆ? ಹೆಂಡತಿಯ ಜೊತೆ ಎರಡು ಸಲ ಸುಮ್ಮಸುಮ್ಮನೆ ಜಗಳವಾಡಿದೆ. ನಂತರ ಒಂದು ಬೆಳಿಗ್ಗೆ ಮೆಸೇಜು ಬಂತು: ‘ಯೆಸ್ ಡಾಕ್ಟರ್. ಬನ್ನಿ.’

ಭಾನುವಾರ ಕ್ಲಾಂಡಾಲ್ಕಿನ್‌ಗೆ ಹೋದೆ. ಮೂವರು ಹಂಚಿಕೊಂಡ ಮನೆಯಲ್ಲಿ ಅವನದೊಂದು ಕೋಣೆ. ಆಶ್ರಯ ಸಿಕ್ಕಿದೆ, ಖುಷಿಯಾಗಿರುತ್ತಾನೆ ಎಂದುಕೊಂಡಿದ್ದೆ. ಅವನ ಮುಖ ಬಾಡಿತ್ತು.

“ಅಮ್ಮನಿಗೆ ಗೊತ್ತಾಯ್ತು,” ಎಂದ. “ನಾನೇ ಹೇಳಿದೆ. ಅವಳು ಬದುಕಿದ್ದಾಳೆ ಅಂತ ಸರ್ಕಾರದ ಮುಂದೆ ಹೇಳಿದೆ ಅಂತ. ಮೂರು ವಾರ ಫೋನ್ ಎತ್ತಲೇ ಇಲ್ಲ. ಇವತ್ತು ಎತ್ತಿದ್ಲು. ಡಾಕ್ಟರನ್ನ ತೋರಿಸು ಅಂದ್ಲು.”

ನಾನು ಏನನ್ನಾದರೂ ಹೇಳುವಷ್ಟರಲ್ಲಿ ವಿಡಿಯೊ ಕರೆ ಹಚ್ಚಿ ಫೋನನ್ನು ನನ್ನ ಕೈಗೆ ಕೊಟ್ಟ. ಪರದೆಯ ಮೇಲೆ ಇರಾಕಿನ ದಕ್ಷಿಣದ ಕರ್ಬಲಾದ ಹತ್ತಿರದ ಬಾಡಿಗೆ ಮನೆಯೊಂದರ ಗೋಡೆ, ಅದರ ಮುಂದೆ ಕಪ್ಪು ಮುಸುಕಿನ ಮುದುಕಿ. ನಗುವಿಲ್ಲ. ಏನೋ ಕೇಳಿದಳು.

“ತನಗೆ ಮಕ್ಕಳು ಎಷ್ಟು ಅಂತ ಬರೆದಿದ್ದೀರಿ ಅಂತ ಕೇಳ್ತಿದ್ದಾಳೆ,” ಎಂದ.

ಹಾಳೆಯ ಕೆಳಸಾಲು ಕಣ್ಣ ಮುಂದೆ ಬಂತು. ಅದೊಂದು ಮಾತ್ರ ನನಗೆ ಖಚಿತವಾಗಿ ಗೊತ್ತಿತ್ತು. ದುಭಾಷಿ ಬೇಕಾಗಿರಲಿಲ್ಲ. ಕೈ ಎತ್ತಿ ಐದೂ ಬೆರಳು ತೋರಿಸಿದೆ.

ಅವಳು ನನ್ನ ಕೈಯನ್ನು ನೋಡಿದಳು. ಫೋನು ವಾಲಿತು, ಬಹಳ ಹೊತ್ತು ಪರದೆಯಲ್ಲಿ ಚಾವಣಿಯೊಂದೇ ಕಂಡಿತು, ಕೆಟ್ಟು ನಿಂತ ಒಂದು ಫ್ಯಾನು. ನಾನು ಕೈ ಇಳಿಸಬೇಕೋ ಬೇಡವೋ ತಿಳಿಯದೆ ಹಾಗೇ ಹಿಡಿದುಕೊಂಡಿದ್ದೆ. ಕೊನೆಗೆ ಚಾವಣಿಯ ಕಡೆಯಿಂದ ಎರಡು ಮಾತು ಕೇಳಿಸಿದವು.

“ಏನಂದರು?”

ಅವನು ಎದ್ದು ನಿಂತು ಕೆಟಲ್‌ಗೆ ನೀರು ತುಂಬಿದ.

“ನಿಮಗೆ ಟೀ ಕೊಟ್ನಾ ಅಂತ ಕೇಳಿದ್ಲು,” ಎಂದ, ನನ್ನ ಕಡೆ ತಿರುಗದೆ.

ಅವಳು ಹೇಳಿದ್ದು ಅದೇನಾ ಎಂದು ನನಗೆ ಗೊತ್ತಿಲ್ಲ. ಟೀ ಕುಡಿದೆ.