ಸೇತುವೆ ದಾಟಿದ ಹತ್ತೊಂಬತ್ತು ಸೈಕಲ್ಲು

ಆ ಸೈಕಲ್ ರಿಪೇರಿಯವರಿಗೆ ಜನ ಇಟ್ಟ ಹೆಸರು ಗಾಳಿ ಮೇಷ್ಟ್ರು. ಓದಿದ್ದು ನಾಲ್ಕನೇ ಕ್ಲಾಸು, ಆದರೆ ಟೈರಿಗೆ ಗಾಳಿ ಹೊಡೆಯುತ್ತಲೇ ಪಾಠ ಶುರು: ರಸ್ತೆ ಯಾರಪ್ಪನ ಮನೆ ಆಸ್ತಿಯೂ ಅಲ್ಲ, ಲಾರಿಗೆಷ್ಟು ಹಕ್ಕೋ ಸೈಕಲ್ಲಿಗೂ ಅಷ್ಟೇ! ಗಿರಾಕಿಗಳು ಹೂಂಗುಟ್ಟಿ ಜಾಗ ಖಾಲಿ ಮಾಡುತ್ತಿದ್ದರು. ಆದರೆ ಅದು ಬರೀ ಬಾಯಿಚಪಲವಲ್ಲ. ಅಂಗಡಿಯೆದುರಿನ ಸೇತುವೆ ಮೇಲೆ ಲಾರಿಗಳು ಸೈಕಲ್ಲಿನವರ ಮೈಗೆ ಉಜ್ಜಿಕೊಂಡೇ ಹೋಗುತ್ತಿದ್ದವು. ದಿನಾ ಬೆಳಗ್ಗೆ ಆರಕ್ಕೆ ಅವರ ಹೆಂಡತಿ ಅದನ್ನೇ ದಾಟಿ ಹೊಲಿಗೆ ಕಾರ್ಖಾನೆಗೆ ಸೈಕಲ್ ತುಳಿಯುತ್ತಿದ್ದಳು. ಆಕೆ ಆಚೆ ದಡ ಮುಟ್ಟುವ ತನಕ ಇವರಿಗೆ ಚಹಾ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಸೈಕಲ್ಲಿಗೆ ಬೇರೆ ದಾರಿ ಬೇಕೆಂದು ಸಹಿ ಹಾಕಿಸಿಕೊಂಡು, ಧರಣಿ ಕೂತು, ಎರಡು ವರ್ಷ ನಗರಸಭೆಗೆ ಅಲೆದು ಚಪ್ಪಲಿ ಸವೆಸಿದರು. ಕೊನೆಗೆ ಇಂಜಿನಿಯರ್ ಮೆತ್ತಗಾದರು. "ಒಂದು ದಿನ ಎಣಿಸ್ತೀವಿ. ಮುನ್ನೂರು ಸೈಕಲ್ ಸೇತುವೆ ದಾಟಿದ್ರೆ ಅದರ ಮೇಲೇ ಬೇರೆ ದಾರಿ, ಲಾರಿಗೂ ಸೈಕಲ್ಲಿಗೂ ಮಧ್ಯೆ ಕಟ್ಟೆ."

ಮೇಷ್ಟ್ರಿಗೆ ಹಿಗ್ಗೋ ಹಿಗ್ಗು. ಆದರೆ ಧರಣಿ ಕೂತೂ ಕೂತೂ, ಒಂದೆಡೆ ಸೇರಿ ನಿಂತರೇ ಬಲ ಅನ್ನುವುದು ತಲೆಗೆ ಹತ್ತಿಬಿಟ್ಟಿತ್ತು. ಮನೆಮನೆಗೂ ಹೋಗಿ ಹೇಳಿದರು, "ಆವತ್ತು ಯಾರೂ ಕೆಲಸಕ್ಕೆ ಹೋಗಬೇಡಿ. ಸೈಕಲ್ ಸ್ಟ್ಯಾಂಡ್ ಹಾಕಿ ಸೇತುವೆ ಪಕ್ಕ ಸಾಲಾಗಿ ನಿಲ್ಲೋಣ. ಎಷ್ಟು ಜನ ಇದ್ದೀವಿ ಅಂತ ಕಣ್ತುಂಬ ನೋಡಲಿ."

ನಾನೂರಕ್ಕೂ ಹೆಚ್ಚು ಜನ ಬಂದು ನಿಂತರು. ನಿಲ್ಲದೆ ಕೆಲಸಕ್ಕೆ ಹೊರಟ ಬೆರಳೆಣಿಕೆಯವರಲ್ಲಿ ಅವರ ಹೆಂಡತಿಯೂ ಒಬ್ಬಳು. "ರಜ ಕೇಳಿದ್ರೆ ನಾಳೆಯಿಂದ ಬರಲೇಬೇಡ ಅಂತಾರೆ ರೀ," ಅಂದಳು. ಮನೆಯವಳೇ ಮರ್ಯಾದೆ ಕಳೀತಾಳೆ ಎಂದು ಮೇಷ್ಟ್ರು ಎಲ್ಲರೆದುರು ಬೈದರು. ಆಕೆ ತಲೆ ತಗ್ಗಿಸಿ ತುಳಿದುಕೊಂಡು ಹೋದಳು.

ಸೇತುವೆ ತುದಿಯಲ್ಲಿ ಕುರ್ಚಿ ಹಾಕಿ ಕೂತಿದ್ದ ಗುಮಾಸ್ತ, ದಾಟಿದ ಸೈಕಲ್ಲಿಗೆ ಒಂದೊಂದು ಗೀಟು ಎಳೆದ. ಸಂಜೆ ಹಾಳೆಯಲ್ಲಿದ್ದದ್ದು ಹತ್ತೊಂಬತ್ತು ಗೀಟು.

"ಅಲ್ಲ ಸ್ವಾಮಿ, ಕಣ್ಣೆದುರೇ ನಾನೂರು ಜನ ನಿಂತಿದ್ವಲ್ಲ?" ಮೇಷ್ಟ್ರು ಹಾಳೆಯ ಮೇಲೆ ಬಗ್ಗಿ ಕೇಳಿದರು.

"ನಿಂತಿದ್ದನ್ನ ಎಣಿಸು ಅಂತ ನನಗೆ ಯಾರೂ ಹೇಳಿಲ್ಲಪ್ಪ. ದಾಟಿದ್ದು ಇಷ್ಟೇ. ಮುಂದಿನ ಎಣಿಕೆ ಮೂರು ವರ್ಷ ಬಿಟ್ಟು."

ಅಷ್ಟು ಜನರಲ್ಲಿ ಒಬ್ಬರಿಗಾದರೂ ಹೊಳೆಯಬಾರದಿತ್ತೇ! ಲೆಕ್ಕಕ್ಕೆ ಬಂದ ಆ ಹತ್ತೊಂಬತ್ತರಲ್ಲಿ ಒಬ್ಬಳು ಅವರು ಬೈದು ಕಳಿಸಿದ ಹೆಂಡತಿ. ಮಾರನೇ ದಿನದಿಂದ ಅಂಗಡಿಯಲ್ಲಿ ಪಾಠ ನಿಂತಿತು.

ಐದನೇ ವಾರ ಜಲ್ಲಿ ಲಾರಿಯೊಂದು ಆಕೆಯನ್ನು ಸೇತುವೆ ಗೋಡೆಗೆ ಒತ್ತಿತು. ಜೀವ ಉಳಿಯಿತು, ಬಲಗಾಲು ಉಳಿಯಲಿಲ್ಲ.

ಆಸ್ಪತ್ರೆಯಲ್ಲಿ ಮಂಚದ ಪಕ್ಕ ಕೂತು, ಒಮ್ಮೆ ಬೈದುಬಿಡಲಿ ಎಂದು ಮೇಷ್ಟ್ರು ಕಾದರು. ಮೂರನೇ ದಿನ ಆಕೆ ಬಾಯಿ ಬಿಟ್ಟಳು.

"ರೀ, ಮುಂದಿನ ಸಲ ಎಣಿಸೋಕೆ ಬಂದಾಗ ಎಲ್ಲರಿಗೂ ತುಳಿಯೋಕೆ ಹೇಳಿ."

ಹೂಂ ಅಂದರು.

"ನೀವೂ ತುಳೀರಿ. ನನ್ನದೊಂದು ಸೈಕಲ್ ಕಮ್ಮಿ ಬೀಳುತ್ತೆ."