ಕನ್ನಡಕದಪ್ಪನ ಲಿವರೂ ಮನೆಯವರ ಗುಟ್ಟೂ

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಕ್ಷೌರದಂಗಡಿಗೂ ಟೀ ಅಂಗಡಿಗೂ ನಡುವೆ ಸಿಕ್ಕಿಕೊಂಡಿರುವ ಎಂಟಡಿ ಅಗಲದ ಕನ್ನಡಕದ ಅಂಗಡಿಯಲ್ಲಿ ಮೂವತ್ತೊಂದು ವರ್ಷದಿಂದ ಒಂದೇ ಪ್ರಶ್ನೆ ಕೇಳಿಸುತ್ತಿದೆ. "ಇದು ಚೆನ್ನಾಗಿ ಕಾಣುತ್ತಾ, ಅದು ಚೆನ್ನಾಗಿ ಕಾಣುತ್ತಾ?" ಗಿರಾಕಿಯ ಮೂಗಿನ ಮೇಲೆ ಕಬ್ಬಿಣದ ಫ್ರೇಮು ಕೂರಿಸಿ, ಅದರೊಳಗೆ ಒಂದು ಗಾಜು ಹಾಕಿ, ತೆಗೆದು, ಇನ್ನೊಂದು ಹಾಕಿ ಕೇಳುವವನನ್ನು ಬೀದಿಯವರು ಕನ್ನಡಕದಪ್ಪ ಎನ್ನುತ್ತಾರೆ. ಸ್ವಂತ ಹೆಸರು ಕರೆಂಟ್ ಬಿಲ್ಲಿನಲ್ಲಿ ಮಾತ್ರ ಉಳಿದಿದೆ.

ಸಾಧು ಮನುಷ್ಯ. ಆದರೆ ಒಂದು ವಿಷಯದಲ್ಲಿ ಮಾತ್ರ ಮಹಾ ಜಗಳಗಂಟ. ಕಣ್ಣು ತೋರಿಸಲು ಬಂದವರ ಜೊತೆ ಬಂದವರು ಬಾಯಿ ಹಾಕಕೂಡದು. ಅತ್ತೆಯ ಮೂಗಿನ ಮೇಲೆ ಫ್ರೇಮು ಕೂತಿರುತ್ತದೆ, ಪಕ್ಕದಲ್ಲಿ ನಿಂತ ಸೊಸೆ "ಅವರಿಗೆ ಇದೇ ಚೆನ್ನಾಗಿ ಕಾಣುತ್ತೆ ಬಿಡಿ" ಎನ್ನುತ್ತಾಳೆ. ಗಂಡ ಗೋಡೆಯ ಮೇಲಿನ ಅಕ್ಷರಗಳನ್ನು ತಡವರಿಸುತ್ತಿದ್ದರೆ ಹೆಂಡತಿ ಹಿಂದಿನಿಂದ ಪಿಸುಗುಟ್ಟಿ ಪಾಸು ಮಾಡಿಸುತ್ತಾಳೆ. ಆಗ ಕನ್ನಡಕದಪ್ಪ ಕೈಯಲ್ಲಿದ್ದ ಗಾಜನ್ನು ಪೆಟ್ಟಿಗೆಯಲ್ಲಿಟ್ಟು, ಬಾಗಿಲ ಹೊರಗಿನ ಬೆಂಚು ತೋರಿಸುತ್ತಾನೆ. "ಕಣ್ಣು ಯಾರದೋ ಬಾಯಿಯೂ ಅವರದೇ. ಉಳಿದವರು ಆಚೆ." ಇದರಿಂದ ಕೆಲವು ಗಿರಾಕಿಗಳು ಕೈತಪ್ಪಿದ್ದಾರೆ. ಅವನು ಕ್ಯಾರೇ ಅನ್ನುವುದಿಲ್ಲ.

ಇಂಥವನಿಗೆ ಹನ್ನೆರಡು ವರ್ಷದ ಹಿಂದೆ, ಪಕ್ಕದ ಮನೆಯವರಿಗೆ ರಕ್ತ ಕೊಡಲು ಹೋದಾಗ, ರಕ್ತ ತೆಗೆಯುವ ಕಡೆಯವರು ಒಂದು ಚೀಟಿ ಕೊಟ್ಟು ಕಳಿಸಿದ್ದರು. ಹೆಪಟೈಟಿಸ್ ಬಿ ಎಂಬ ವೈರಸ್ಸು ಲಿವರಿನಲ್ಲಿ ಮನೆ ಮಾಡಿದೆ, ಹುಟ್ಟುವಾಗಲೇ ತಾಯಿಯಿಂದ ಬಂದಿರಬಹುದು, ಡಾಕ್ಟರಿಗೆ ತೋರಿಸಿ, ಒಡಹುಟ್ಟಿದವರನ್ನೂ ಪರೀಕ್ಷೆ ಮಾಡಿಸಿ ಎಂದು ಅದರ ಸಾರಾಂಶ. ಊರವರ ಕಣ್ಣಿನ ಜವಾಬ್ದಾರಿ ಹೊತ್ತ ಮಹಾನುಭಾವ ಆ ಚೀಟಿಯನ್ನು ನಾಲ್ಕಾಗಿ ಮಡಿಸಿ, ಮುರಿದ ಫ್ರೇಮುಗಳ ಡ್ರಾಯರಿನಲ್ಲಿ ಹಾಕಿದ. ನೋವಿಲ್ಲ, ಜ್ವರವಿಲ್ಲ, ಮತ್ತೇಕೆ ಡಾಕ್ಟರು? ಲಿವರಿನ ಗುಣವೇ ಅದು. ತುಂಬಿದ ಮನೆಯ ಹಿರಿಸೊಸೆಯ ಹಾಗೆ, ಮುಕ್ಕಾಲು ಜೀವ ಸವೆದರೂ ತುಟಿಪಿಟಕ್ಕೆನ್ನುವುದಿಲ್ಲ.

ಈ ವರ್ಷ ಬಲಪಕ್ಕೆಯಲ್ಲಿ ಏನೋ ಭಾರ ಎನಿಸಿ ಸ್ಕ್ಯಾನ್ ಮಾಡಿಸಿದರು. ಜೊತೆಗೆ ಬಂದಿದ್ದವನು ಅಣ್ಣ, ಮಹಡಿಯ ಮೇಲೆ ವಾಸ. ಕಚೇರಿಯೊಂದರಲ್ಲಿ ಮೂವತ್ತೈದು ವರ್ಷ ಕಡತಗಳ ಮೇಲೆ "ಗೌಪ್ಯ" ಎಂಬ ಮೊಹರು ಒತ್ತಿ ನಿವೃತ್ತನಾದವನು. ಅವನು ಮೊಹರು ಒತ್ತಿದ ವಿಷಯ ಮಧ್ಯಾಹ್ನದ ಟೀ ಹೊತ್ತಿಗೆಲ್ಲ ಗೇಟಿನ ಕಾವಲುಗಾರನಿಗೂ ಗೊತ್ತಿರುತ್ತಿತ್ತಂತೆ. ಕನ್ನಡಕದಪ್ಪ ಒಳಗೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದಾಗ ಹೊರಗೆ ರಿಪೋರ್ಟು ಅಣ್ಣನ ಕೈಸೇರಿತು. ಲಿವರಿನ ಬಲಭಾಗದಲ್ಲಿ ಎರಡೂವರೆ ಸೆಂಟಿಮೀಟರ್ ಗಾತ್ರದ ಒಂದು ಗಡ್ಡೆ, ಕ್ಯಾನ್ಸರಿನ ಲಕ್ಷಣ, ಕೂಡಲೇ ತಜ್ಞರನ್ನು ಕಾಣಿ. ಅಣ್ಣನ ಕೈ ಅಭ್ಯಾಸಬಲದಿಂದ ಮೊಹರಿಗಾಗಿ ಜೇಬು ತಡಕಿತು.

"ಗ್ಯಾಸು ಕಣೋ, ಅಷ್ಟೇ" ಎಂದ ತಮ್ಮನಿಗೆ.

ಅಂದು ಸಂಜೆ ಅಡುಗೆಮನೆಯಲ್ಲಿ ಸಭೆ ಸೇರಿತು. ಕನ್ನಡಕದಪ್ಪನ ಹೆಂಡತಿ ಅತ್ತಳು, ಮಗಳು ಅತ್ತಳು, ಅತ್ತಿಗೆಯೂ ಅತ್ತಳು. ಅಣ್ಣ ಅಳಲಿಲ್ಲ, ನಿರ್ಣಯ ಓದಿದ. "ಅವನಿಗೆ ಗೊತ್ತಾಗಕೂಡದು. ಮೆತ್ತನೆ ಮನುಷ್ಯ, ತಡ್ಕೊಳಲ್ಲ. ನಾವು ನಿಧಾನವಾಗಿ ಯೋಚನೆ ಮಾಡಿ ಏನಾದ್ರೂ ಮಾಡೋಣ." ನಿಧಾನ ಎಂಬ ಮಾತು ಎಲ್ಲರಿಗೂ ಹಿಡಿಸಿತು. ರಿಪೋರ್ಟು ಅವನ ಕಣ್ಣಿಗೆ ಬಿದ್ದರೆ? ಅದಕ್ಕೆ ಹೆಂಡತಿ ಒಂದು ಉಪಾಯ ಹೂಡಿದಳು. ಗಂಡನ ಕನ್ನಡಕವನ್ನೇ ಬಚ್ಚಿಟ್ಟಳು.

ನಾಲ್ಕು ನೂರು ಕನ್ನಡಕ ಇರುವ ಅಂಗಡಿಯ ಯಜಮಾನನ ಒಂದು ಕನ್ನಡಕ! ಮರುದಿನ ಅವನು ಅಂಗಡಿಗೆ ಹೋಗಿ ತನ್ನ ನಂಬರಿನದೇ ಒಂದನ್ನು ಏರಿಸಿಕೊಂಡು ಮನೆಗೆ ಬಂದ. "ಹೊಸದಾ? ಚೆನ್ನಾಗಿದೆ" ಎಂದಳು ಹೆಂಡತಿ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದನ್ನು ಕೇಳಿದ್ದೇವೆ. ಈ ಮನೆಯ ಬೆಕ್ಕುಗಳು ನೋಡುವವನ ಕನ್ನಡಕವನ್ನೇ ಕಿತ್ತಿಟ್ಟಿದ್ದವು.

ಐದು ವಾರ ಕಳೆಯಿತು. ಗುಟ್ಟು ಗುಟ್ಟಾಗಿಯೇ ಇತ್ತು, ಎಂದರೆ ಇಡೀ ಬೀದಿಗೆ ಗೊತ್ತಿತ್ತು, ಅವನಿಗೊಬ್ಬನಿಗೆ ಬಿಟ್ಟು. ಟೀ ಅಂಗಡಿಯವನು ಟೀಗೆ ಸಕ್ಕರೆ ಜಾಸ್ತಿ ಹಾಕಿ ನಿಟ್ಟುಸಿರು ಬಿಟ್ಟ. ಕ್ಷೌರಿಕ ಗಡ್ಡ ಕೆರೆಯುತ್ತ ಕಣ್ಣೊರೆಸಿಕೊಂಡ. ಕತ್ತಿ ಕುತ್ತಿಗೆಯ ಹತ್ತಿರ ಇದ್ದುದರಿಂದ ಕನ್ನಡಕದಪ್ಪ ಕಾರಣ ಕೇಳಲಿಲ್ಲ. ಲಿವರು ಎಂದ ಮೇಲೆ ಕುಡಿತವೇ ಎಂದು ಬೀದಿ ತೀರ್ಮಾನಿಸಿತು. ಜನ್ಮದಲ್ಲಿ ಒಂದು ಹನಿ ಮುಟ್ಟದವನನ್ನು ಮೂಲೆಯ ಬಾರಿನ ಖಾಯಂ ಗಿರಾಕಿಗಳು ದಾರಿಯಲ್ಲಿ ತಡೆದು, "ನಮಗೆ ಗೊತ್ತೇ ಇರ್ಲಿಲ್ಲ ಯಜಮಾನ್ರೇ, ಒಂದಿನಾನೂ ಕಂಪನಿ ಕೊಡ್ಲಿಲ್ವಲ್ಲ" ಎಂದು ಕೈ ಹಿಡಿದು ಕುಲುಕಿದರು.

ಮನೆಯಲ್ಲಿ ಚಿಕಿತ್ಸೆಯೂ ನಡೆದಿತ್ತು. ಅಣ್ಣನ ಹಳೆಯ ಸಹೋದ್ಯೋಗಿಯೊಬ್ಬ ನಿವೃತ್ತಿಯ ನಂತರ ಸರ್ವರೋಗದ ಪುಡಿ ಮಾರುತ್ತಿದ್ದ. ದಿನಾ ರಾತ್ರಿ ಹಾಲಿಗೆ ಒಂದು ಚಮಚ. "ಹಾಲು ಯಾಕೋ ಹಸಿರಾಗಿದೆಯಲ್ಲೇ" ಎಂದರೆ, "ಲೈಟು ಹಾಗಿದೆ ರೀ" ಎಂದು ಉತ್ತರ.

ಕೊನೆಗೆ ಒಂದು ಭಾನುವಾರ, ಹೊಸ ಫ್ರೇಮು ಕಿವಿಯ ಹಿಂದೆ ಒತ್ತುತ್ತದೆಂದು, ಅವನು ಹಳೆಯದನ್ನು ಹುಡುಕಲು ಬೀರು ತೆಗೆದ. ಮಡಿಸಿಟ್ಟ ಹೊದಿಕೆಗಳ ಅಡಿಯಲ್ಲಿ ಕನ್ನಡಕ ಸಿಕ್ಕಿತು. ಕಳ್ಳ ಮಾಲೆಲ್ಲ ಒಂದೇ ಕಡೆ ಇರಲಿ ಎಂದು ಹೆಂಡತಿ ಅದನ್ನು ರಿಪೋರ್ಟಿನ ಲಕೋಟೆಯೊಳಗೇ ಇಟ್ಟಿದ್ದಳು. ಅವನು ಕನ್ನಡಕ ಹಾಕಿಕೊಂಡ. ಲಕೋಟೆಯ ಮೇಲೆ ತನ್ನ ಹೆಸರಿತ್ತು. ಓದಿದ.

ಮಂಚದ ಅಂಚಿನಲ್ಲಿ ಕೂತ. ಸಾವಿನ ಭಯ ಅವನಿಗೆ ಮೊದಲ ಸಲ ಆಯಿತು, ಅಂಗಡಿಯ ಬೀಗ ಇನ್ನು ಯಾರು ತೆಗೆಯುತ್ತಾರೆ ಎಂಬ ಅಸಂಬದ್ಧ ಯೋಚನೆ ಬಂತು. ಆಮೇಲೆ ತಾರೀಕು ನೋಡಿದ. ಐದು ವಾರ ಹಳೆಯದು. ಆಗ ಭಯದ ಮೇಲೆ ಸಿಟ್ಟು ಹತ್ತಿ ಕೂತಿತು. ತನ್ನ ಹೊಟ್ಟೆಯೊಳಗಿನ ವಿಷಯ ಕ್ಷೌರಿಕನಿಗೆ ಗೊತ್ತು, ಬಾರಿನವರಿಗೆ ಗೊತ್ತು!

ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. ಗಂಡನ ಮೂಗಿನ ಮೇಲೆ ಹಳೆಯ ಕನ್ನಡಕ. "ನಿಮಗೋಸ್ಕರನೇ ರೀ..." ಎಂದಳು.

"ನಾಳೆ ಡಾಕ್ಟರ ಹತ್ರ ಹೋಗೋಣ. ಎಲ್ಲರೂ ಬನ್ನಿ" ಎಂದಷ್ಟೇ ಹೇಳಿದ.

ಡಾಕ್ಟರಮ್ಮನ ಕೋಣೆಯಲ್ಲಿ ಮೂರು ಕುರ್ಚಿ, ಐದು ಜನ. ಅವರು ಕನ್ನಡಕದಪ್ಪನ ಮುಖ ನೋಡಿ, "ಊಟ ಸೇರುತ್ತಾ?" ಎಂದರು.

"ಸೇರುತ್ತೆ" ಎಂದ ಅಣ್ಣ.

"ಎಲ್ಲಿ ಸೇರುತ್ತೆ?" ಎಂದಳು ಹೆಂಡತಿ.

"ನಿದ್ದೆ?" ಎಂದರು ಡಾಕ್ಟರಮ್ಮ. ಮಗಳು "ಅಪ್ಪಂಗೆ ನಿದ್ದೆ..." ಎಂದು ಶುರು ಮಾಡುವಷ್ಟರಲ್ಲಿ ಕನ್ನಡಕದಪ್ಪ ಎದ್ದು ಬಾಗಿಲು ತೆಗೆದು, ಹೊರಗಿನ ಬೆಂಚು ತೋರಿಸಿದ. ಆ ಬೆರಳಿನ ಅರ್ಥ ಮನೆಯವರಿಗೆಲ್ಲ ಗೊತ್ತು. ಒಬ್ಬೊಬ್ಬರಾಗಿ ಎದ್ದರು.

"ನಾನೂನಾ?" ಎಂದಳು ಹೆಂಡತಿ.

"ನೀನು ಕೂತ್ಕೋ. ಮಾತಾಡ್ಬೇಡ."

ಆಮೇಲೆ ಡಾಕ್ಟರಮ್ಮನ ಕಡೆ ತಿರುಗಿದ. "ಒಂದೊಂದಾಗಿ ಹೇಳಿ ಮೇಡಂ. ಇದಾ, ಅದಾ, ನಾನೇ ನೋಡ್ತೀನಿ."

ಅವರು ಮೊದಲು ಹೊಸ ಸ್ಕ್ಯಾನು, ರಕ್ತಪರೀಕ್ಷೆ ಮಾಡಿಸಿದರು, ಮೂರನೆಯ ದಿನ ಹೇಳಿದರು. ಗಡ್ಡೆ ಎಷ್ಟಿವೆ, ಎಷ್ಟು ದೊಡ್ಡದು, ರಕ್ತನಾಳಕ್ಕೆ ನುಗ್ಗಿದೆಯೋ, ಉಳಿದ ಲಿವರಿಗೆ ಎಷ್ಟು ಕಸುವಿದೆ, ಇವನ್ನೆಲ್ಲ ನೋಡಿಯೇ ದಾರಿ. ಕತ್ತರಿಸಿ ತೆಗೆಯುವುದು ಒಂದು, ಆದರೆ ವೈರಸ್ಸಿನಿಂದ ನಿಮ್ಮ ಲಿವರು ಅಲ್ಲಲ್ಲಿ ಗಟ್ಟಿಯಾಗಿದೆ, ಉಳಿದ ಭಾಗ ಆ ಹೊಡೆತ ತಡೆಯಬೇಕು. ಇಡೀ ಲಿವರನ್ನೇ ಬದಲಿಸಿ ಕಸಿ ಮಾಡುವುದು ಇನ್ನೊಂದು, ಅದಕ್ಕೆ ಕೊಡುವವರು ಬೇಕು. ಚಿಕ್ಕ ಗಡ್ಡೆಯಾದರೆ ಹೊರಗಿನಿಂದ ಸೂಜಿ ತೂರಿಸಿ ಶಾಖದಿಂದ ಸುಟ್ಟುಬಿಡಬಹುದು. ದೊಡ್ಡದಾದರೆ, ಹಲವಾದರೆ, ರಕ್ತನಾಳದ ಮೂಲಕ ಗಡ್ಡೆಗೇ ಔಷಧಿ ಬಿಟ್ಟು ಅದಕ್ಕೆ ಹೋಗುವ ರಕ್ತ ನಿಲ್ಲಿಸುವುದು. ಹರಡಿದ್ದರೆ ಮಾತ್ರೆ, ಇಂಜೆಕ್ಷನ್ನು. ನೋವು ಕಡಿಮೆ ಮಾಡುವ ಆರೈಕೆ ಯಾವ ಹಂತದಲ್ಲೂ ಉಂಟು.

"ನನ್ನದು?"

"ಸೂಜಿ ಶಾಖ ಸರಿಹೋಗುತ್ತೆ. ಸುಮಾರಾಗಿ ಮೂರು ಸೆಂಟಿಮೀಟರಿನ ಒಳಗಿದ್ರೆ ಅದು ಚೆನ್ನಾಗಿ ಕೆಲಸ ಮಾಡುತ್ತೆ. ಐದು ವಾರದಲ್ಲಿ ನಿಮ್ಮದು ಬೆಳೆದಿದೆ, ಆದ್ರೂ ಇನ್ನೂ ಮೂರರ ಒಳಗಿದೆ. ಇನ್ನು ಕಾಯ್ತಾ ಕೂರೋ ಹಾಗಿಲ್ಲ." ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ಹಸಿರು ಹಾಲಿನ ಸಂಗತಿಯನ್ನು ಅವಳೇ ಬಾಯಿಬಿಟ್ಟಳು. ಮಾತಾಡಬಾರದೆಂಬ ಕಟ್ಟಳೆ ಮುರಿದ ಆ ಒಂದು ಸಲ ಗಂಡ ಗದರಲಿಲ್ಲ. ಡಾಕ್ಟರಮ್ಮ ಗದರಿದರು. ಅದರಲ್ಲಿ ಏನಿದೆಯೋ ಗೊತ್ತಿಲ್ಲದ ಪುಡಿಯನ್ನು ಸೋತ ಲಿವರಿನ ಮೇಲೆ ಹೇರಬೇಡಿ, ಇವತ್ತೇ ನಿಲ್ಲಿಸಿ.

"ಗ್ಯಾರಂಟಿ ಉಂಟಾ ಮೇಡಂ?"

"ನಿಮ್ಮ ಅಂಗಡಿಯಲ್ಲಿ ಕೊಡ್ತೀರಾ?"

"ಫ್ರೇಮಿಗೆ ಕೊಡ್ತೀನಿ. ಕಣ್ಣಿಗೆ ಕೊಡಲ್ಲ."

"ನಾನೂ ಹಾಗೇ. ಸುಟ್ಟ ಮೇಲೂ ಬೇರೆ ಕಡೆ ಬರಬಹುದು. ಕೆಲವು ತಿಂಗಳಿಗೊಮ್ಮೆ ಸ್ಕ್ಯಾನು ತಪ್ಪಿಸಬಾರದು. ವೈರಸ್ಸಿಗೆ ದಿನಾ ಮಾತ್ರೆ. ಮನೆಯವರೆಲ್ಲ ಪರೀಕ್ಷೆ ಮಾಡಿಸ್ಕೊಳ್ಳಲಿ, ಇಲ್ಲದವರು ಲಸಿಕೆ ಹಾಕಿಸ್ಕೊಳ್ಳಲಿ. ಒಡಹುಟ್ಟಿದವರು ಇದ್ದಾರಾ?"

ಕನ್ನಡಕದಪ್ಪನಿಗೆ ಡ್ರಾಯರಿನ ಚೀಟಿ ನೆನಪಾಯಿತು. ಮನೆಯವರು ಮುಚ್ಚಿಟ್ಟದ್ದು ಐದು ವಾರ, ತಾನು ಮುಚ್ಚಿಟ್ಟದ್ದು ಹನ್ನೆರಡು ವರ್ಷ. ನಾಚಿಕೆಯಾಯಿತು.

ಸೂಜಿ ಶಾಖ ಮುಗಿಯಿತು. ಒಂದು ತಿಂಗಳ ನಂತರದ ಸ್ಕ್ಯಾನಿನಲ್ಲಿ ಗಡ್ಡೆಯ ಜಾಗದಲ್ಲಿ ಸತ್ತ ಕಲೆ ಮಾತ್ರ ಇತ್ತು. ಅವನು ಮತ್ತೆ ಅಂಗಡಿ ತೆಗೆದ. ಬಾರಿನ ಗಿರಾಕಿಗಳು ಅಭಿನಂದಿಸಲು ಬಂದರು, ಅವರನ್ನೂ ಲಿವರ್ ಪರೀಕ್ಷೆಗೆ ಹೋಗಿ ಎಂದ. ಅವರು ಬಂದಷ್ಟೇ ಬೇಗ ಹೋದರು.

ಹೆಂಡತಿಗೂ ಮಗಳಿಗೂ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ, ಲಸಿಕೆ ಹಾಕಿಸಿಕೊಂಡರು. ಅಣ್ಣ ಮಾತ್ರ "ನನಗೇನಾಗಿದೆಯೋ, ಗುಂಡುಕಲ್ಲಿನ ಹಾಗಿದ್ದೀನಿ" ಎಂದು ಎರಡು ಸಲ ತಪ್ಪಿಸಿಕೊಂಡು, ಮೂರನೆಯ ಸಲ ತಮ್ಮನ ಕಾಟಕ್ಕೆ ರಕ್ತ ಕೊಟ್ಟ, ಸ್ಕ್ಯಾನೂ ಮಾಡಿಸಿದ. ರಿಪೋರ್ಟು ಮಗಳು ತಂದಳು. ಸಂಜೆ ಕನ್ನಡಕದಪ್ಪ ಮನೆಗೆ ಬಂದಾಗ ಅಡುಗೆಮನೆಯಲ್ಲಿ ಪಿಸುಪಿಸು. ಅತ್ತಿಗೆ ಅಳುತ್ತಿದ್ದಳು. "ಅವರಿಗೆ ಹೇಳ್ಬೇಡಿ, ದೊಡ್ಡ ಜೀವ, ತಡ್ಕೊಳಲ್ಲ." ಮಹಡಿಯಿಂದ ಅಣ್ಣನ ದನಿ ಕೇಳಿಸಿತು, "ಏನ್ರೋ ಅದು, ನನ್ನ ರಿಪೋರ್ಟು ಬಂತಾ?"

"ಏನಿಲ್ಲ ದೊಡ್ಡಪ್ಪ, ಗ್ಯಾಸು ಅಷ್ಟೇ" ಎಂದಳು ಮಗಳು. ಹೆಂಡತಿ ಆಗಲೇ ಅಣ್ಣನ ಕನ್ನಡಕವನ್ನು ಮಡಿಲಲ್ಲಿ ಮುಚ್ಚಿಕೊಂಡಿದ್ದಳು.

ಕನ್ನಡಕದಪ್ಪ ಯಾರ ಮೇಲೂ ಕೂಗಾಡಲಿಲ್ಲ. ಮಗಳ ಕೈಯಿಂದ ಲಕೋಟೆ ತೆಗೆದುಕೊಂಡು ಓದಿದ. ಅದೇ ವೈರಸ್ಸು, ಲಿವರು ಗಟ್ಟಿಯಾಗಲು ಶುರುವಾಗಿದೆ, ಗಡ್ಡೆ ಕಂಡುಬಂದಿಲ್ಲ, ಚಿಕಿತ್ಸೆ ಬೇಕು. ಮಹಡಿ ಹತ್ತಿ, "ಬಾರಣ್ಣ, ನಿನ್ನ ಕಣ್ಣು ನೋಡ್ತೀನಿ" ಎಂದು ಅಂಗಡಿಗೆ ಕರೆದುಕೊಂಡು ಹೋದ. ಚಿಕ್ಕಂದಿನಲ್ಲಿ ಅಪ್ಪನ ಹೊಡೆತಕ್ಕೆ ಅಡ್ಡ ನಿಂತು ತಾನೇ ತಿನ್ನುತ್ತಿದ್ದ ಅಣ್ಣ ಅವನು. ಆ ಪ್ರೀತಿಯೇ ಈಗಲೂ ಎಲ್ಲದಕ್ಕೂ ಅಡ್ಡ ನಿಲ್ಲುತ್ತಿತ್ತು.

ಕುರ್ಚಿಯಲ್ಲಿ ಕೂರಿಸಿ ಮೂಗಿನ ಮೇಲೆ ಕಬ್ಬಿಣದ ಫ್ರೇಮು ಇಟ್ಟ. ಗಾಜು ಹಾಕಿದ. ಓದುವ ಕಾರ್ಡಿನ ಬದಲು ರಿಪೋರ್ಟನ್ನೇ ಕೈಗೆ ಕೊಟ್ಟ.

"ಓದಣ್ಣ."

ಅಣ್ಣ ಓದಿದ. ಇನ್ನೊಂದು ಸಲ ಓದಿದ. "ಗಾಜು ಸರಿಯಿಲ್ಲ ಕಣೋ" ಎಂದ.

ಕನ್ನಡಕದಪ್ಪ ಗಾಜು ಬದಲಿಸಿದ. "ಇದು ಚೆನ್ನಾಗಿ ಕಾಣುತ್ತಾ, ಅದು ಚೆನ್ನಾಗಿ ಕಾಣ್ತಿತ್ತಾ?"

"ಎರಡರಲ್ಲೂ ಅದೇ ಕಾಣುತ್ತೆ."

"ಹಾಗಾದ್ರೆ ಕಣ್ಣು ಸರಿಯಾಗಿದೆ" ಎಂದು ಕನ್ನಡಕದಪ್ಪ ಬಾಗಿಲ ಕಡೆ ನೋಡಿದ. ಹೆಂಡತಿ, ಮಗಳು, ಅತ್ತಿಗೆ ಮೂವರೂ ಹಿಂದೆಯೇ ಬಂದು, ಯಾರೂ ಹೇಳದೆ, ಹೊರಗಿನ ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು.