ಫೈಲಿನಲ್ಲಿದ್ದೂ ಓದದ ಸಾಲು

ಅಡಿಕೆ ಟೆಂಡರು ನಡೆಯುವಾಗ ಸರ್ವರ್ ನಿಲ್ಲಿಸುವ ಹಾಗಿಲ್ಲ. ಶಿರಸಿಯ ನಮ್ಮ ಸಂಘದ ಆ ಲಿನಕ್ಸ್ ಯಂತ್ರಕ್ಕೆ ಸಿದ್ದಾಪುರ, ಯಲ್ಲಾಪುರದ ಶಾಖೆಗಳಿಂದಲೂ ವ್ಯಾಪಾರಿಗಳು ದರ ಹಾಕುತ್ತಿದ್ದರು. ಜನ ಹೆಚ್ಚಾದರೆ ಅದು ಹೊಸಬರನ್ನು ಒಳಗೇ ಬಿಡುತ್ತಿರಲಿಲ್ಲ.

ಮದ್ದು ಕಂಡುಹಿಡಿದವನು ಸಿದ್ದಾಪುರ ಶಾಖೆಯ ಗೆಳೆಯ; ನೆಂಟನಲ್ಲದಿದ್ದರೂ ಸಲುಗೆಗೆ ಭಾವ ಎನ್ನುತ್ತಿದ್ದೆ. ಒಂದು ಸಾಲಿನ ಆಜ್ಞೆ ಕೊಟ್ಟು, ಓಡುತ್ತಿರುವ ಯಂತ್ರದಲ್ಲೇ ಮಿತಿ ಏರಿಸಿದ. ಆದರೆ ಹಾಗೆ ಬದಲಿಸಿದ್ದು ಯಂತ್ರ ಆರುವ ತನಕ ಮಾತ್ರ. ಮುಂದೆಯೂ ಉಳಿಯಬೇಕಾದರೆ ಅದೇ ಸಾಲನ್ನು ಸೆಟ್ಟಿಂಗಿನ ಫೈಲಿನಲ್ಲೂ ಬರೆಯಬೇಕು.

“ಫೈಲಿಗೂ ಬರದ್ಯ ಭಾವ?” ಎಂದು ಕೇಳಿದ್ದೆ.

“ಬರದ್ದೆ ಮಾರಾಯ. ಈ ಮಷಿನ್ನು ಹಠಮಾರಿ, ಓದ್ತಿಲ್ಲೆ. ನೀ ಮುಟ್ಟಡ, ಆನಿದ್ನಲ.”

ತಾನಿದ್ದೇನಲ್ಲ ಎಂದವನನ್ನು ನಂಬಿದೆ. ಕರೆಂಟು ಹೋಗಿ ಬ್ಯಾಟರಿಯೂ ಕೈಕೊಟ್ಟಾಗಲೆಲ್ಲ ಮತ್ತೆ ಆ ಆಜ್ಞೆ ಕೊಡಲು ಅವನು ಬೈಕು ಹತ್ತಿ ಬರುತ್ತಿದ್ದ. ಅಧ್ಯಕ್ಷರು ಬೆನ್ನು ತಟ್ಟುತ್ತಿದ್ದರು, ನಾನು ಹೊಗಳಿ ಅಟ್ಟಕ್ಕೇರಿಸುತ್ತಿದ್ದೆ. ಯಲ್ಲಾಪುರದಲ್ಲಿ ನನ್ನ ತಂಗಿಯ ಮದುವೆಯ ದಿನವೂ ಯಂತ್ರ ಆರಿತು. ಸರ್ವರ್ ಕೋಣೆಯ ಬೀಗದಕೈ ನನ್ನ ಹತ್ತಿರ. ಮದುವೆಗೆ ಬಂದಿದ್ದ ಅವನು, “ನೀ ಹೋಗಿ ವ್ಯಾಪಾರಸ್ಥರನ್ನ ಸುಧಾರ್ಸು, ಆನು ಹಿಂದೇ ಬತ್ತೆ” ಎಂದ. ಶಾಸ್ತ್ರ ಮುಗಿಯುವ ಮೊದಲೇ ನಾನು ಶಿರಸಿಗೆ ಹೊರಟೆ. ಊಟ ಮುಗಿಸಿ ಬಂದ, ನನಗೆಂದು ಹೋಳಿಗೆ ಕಟ್ಟಿಸಿಕೊಂಡು. ಎಂಥ ಗೆಳೆಯ ಎಂದು ಕಣ್ಣು ತುಂಬಿತ್ತು. ಥೂ!

ಕಳೆದ ತಿಂಗಳು ಯಂತ್ರ ಆರಿದಾಗ ಅವನ ಫೋನು ಹತ್ತಲಿಲ್ಲ. ವ್ಯಾಪಾರಿಗಳ ಬೊಬ್ಬೆ ತಾಳದೆ, ಹೆದರುತ್ತಲೇ ಫೈಲು ತೆರೆದೆ. ಸಾಲು ಇತ್ತು. ಅದರ ಮುಂದೊಂದು ಹ್ಯಾಶ್ (#) ಗುರುತೂ ಇತ್ತು. ಆ ಗುರುತಿದ್ದರೆ ಯಂತ್ರ ಆ ಸಾಲನ್ನು ಓದದೆ ಬಿಡುತ್ತದೆ. ಅಳಿಸಿದೆ. ಸರ್ವರ್ ನಿಲ್ಲಿಸದೆಯೇ ಫೈಲನ್ನು ಮತ್ತೆ ಓದಿಸಿದೆ. ಹಠಮಾರಿ ಎನಿಸಿಕೊಂಡಿದ್ದ ಯಂತ್ರ ತಕರಾರಿಲ್ಲದೆ ಓದಿತು.

ಸಂಜೆ ಅವನೇ ಫೋನು ಮಾಡಿದ. ಆ ಗುರುತು ಯಾಕೆ ಹಾಕಿದೆ ಎಂದು ಕೇಳಿದೆ. ನಕ್ಕ.

“ಎಲ್ಲ ತನ್ನಷ್ಟಕ್ಕೇ ನಡದ್ರೆ ನಮ್ಮನ್ನ ಯಾರು ಕೇಳ್ತ ಮಾರಾಯ?”

ನಮ್ಮನ್ನ ಎಂದ! ನನ್ನನ್ನೂ ಪಾಲಿಗೆ ಸೇರಿಸಿಕೊಂಡ. ಸಿಟ್ಟಿಗೆ ಫೋನು ಇಟ್ಟುಬಿಟ್ಟೆ. ಅಧ್ಯಕ್ಷರಿಗೆ ಹೇಳಿದ್ದೇನೆ, ಅವರು ಏನಾದರೂ ಮಾಡಿಕೊಳ್ಳಲಿ. ತಂಗಿಗೆ ಹೇಳಲು ಮಾತ್ರ ಬಾಯಿ ಬರುತ್ತಿಲ್ಲ. ಅಂದು ನಾನಿಲ್ಲದ ಮಂಟಪದಲ್ಲಿ, ಲಾಜಹೋಮದ ಹೊತ್ತಿಗೆ ಅಣ್ಣನ ಜಾಗದಲ್ಲಿ ನಿಂತು ಅವಳ ಬೊಗಸೆಗೆ ಅರಳು ಹಾಕಿದವನು ಅವನೇ.